ಎರಡು ತೊಗರಿ ಹೊಲ, ಒಂದು ಬದು: ಬಿಸಿಲಿನಿಂದ ಕಾಜಾಣದವರೆಗಿನ ಲೆಕ್ಕ

ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕಿನ ಒಂದು ಹಳ್ಳಿ. ನಾನು ವಿಜ್ಞಾನ ಕಲಿಸುವ ಪ್ರೌಢಶಾಲೆಯ ಹಿಂದೆ ಎರಡು ತೊಗರಿ ಹೊಲಗಳಿವೆ, ನಡುವೆ ಒಂದು ಬದು. ಎರಡೂ ಎರೆ ಭೂಮಿ, ಎರಡೂ ಮಳೆಯನ್ನೇ ನಂಬಿದ ಹೊಲ. ಕಳೆದ ಹಂಗಾಮಿನಲ್ಲಿ ಎರಡರಲ್ಲೂ ಬಿತ್ತಿದ್ದು ಒಂದೇ ತಳಿ, ಟಿಎಸ್-3ಆರ್. ಜೂನ್ ಕೊನೆಗೆ ಬಿತ್ತನೆ, ಅಕ್ಟೋಬರ್ ಕೊನೆಗೆ ಹೂವು. ನವೆಂಬರ್‌ನಲ್ಲಿ ಕೆಲವು ದಿನ ಮೋಡ ಕವಿಯಿತು. ಮೋಡ ಬಂತೆಂದರೆ ಕೀಡೆ ಬಂತು ಎಂದು ಇಲ್ಲಿ ಎಲ್ಲರಿಗೂ ಗೊತ್ತು.

ಬಂದದ್ದು ಹಸಿರು ಕಾಯಿಕೊರಕ. ಪುಸ್ತಕದ ಹೆಸರು ಹೆಲಿಕೋವರ್ಪಾ ಆರ್ಮಿಜೆರಾ. ನವೆಂಬರ್ ಅರ್ಧ ಕಳೆಯುವಷ್ಟರಲ್ಲಿ ಒಂದು ಹೊಲದ ಗಿಡಗಿಡದಲ್ಲೂ ಹುಳು. ಬದುವಿನ ಆಚೆಯ ಹೊಲದಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು. ಹುಳು ಜಾಸ್ತಿ ಇದ್ದ ಹೊಲಕ್ಕೇ ಎಣ್ಣೆ, ಅಂದರೆ ಕೀಟನಾಶಕ, ಹೊಡೆದದ್ದೂ ಜಾಸ್ತಿ. ಹೂವು ಬಿಡುವ ಮೊದಲೇ ಒಂದು ಸಲ, ಹೂವಿನಲ್ಲಿ ಒಂದು ಸಲ, ಕಾಯಿ ಕಟ್ಟುವಾಗ ಇನ್ನೊಂದು ಸಲ. ಪಕ್ಕದ ಹೊಲದವರ ಕೈಯಲ್ಲಿ ಆಗ ದುಡ್ಡಿರಲಿಲ್ಲ. ಹಾಗಾಗಿ ಅವರು ಹೊಡೆದಿರಲೇ ಇಲ್ಲ.

ಎಣ್ಣೆ ಹೊಡೆದ ಹೊಲದ ಯಜಮಾನರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು: "ಮಾಸ್ತರ್, ಮೂರು ಸಲ ಎಣ್ಣಿ ಹೊಡದೀನ್ರಿ. ಕೀಡಿ ಮಾತ್ರ ಹೋಗವಲ್ಲವು. ಅಂಗಡಿಯವ್ರು ಎರಡು ಥರದ್ದು ಕೂಡಿಸಿ ಹೊಡೀ ಅಂತಾರ. ಹೊಡೀಲೋ, ಬ್ಯಾಡೋ?"

ನಾನು ಕೃಷಿ ಅಧಿಕಾರಿ ಅಲ್ಲ. ಆದರೆ ಆ ವಾರ ಹತ್ತನೇ ತರಗತಿಗೆ "ನಮ್ಮ ಪರಿಸರ" ಪಾಠ ನಡೆದಿತ್ತು. ಹುಲ್ಲು, ಮಿಡತೆ, ಕಪ್ಪೆ, ಹಾವು: ಒಂದನ್ನು ಇನ್ನೊಂದು ತಿನ್ನುವ ಈ ಮೆಟ್ಟಿಲುಗಳಲ್ಲಿ ಕೆಳಗಿನದರಿಂದ ಮೇಲಿನದಕ್ಕೆ ದಾಟುವುದು ಹತ್ತು ಶೇಕಡಾ ಶಕ್ತಿ. ಕಾಕಾನ ಪ್ರಶ್ನೆಗೂ ಆ ಪಾಠಕ್ಕೂ ನೇರ ಸಂಬಂಧ ಇದೆ ಅನ್ನಿಸಿತು. ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋದೆ. ಅಲ್ಲಿ ಕಂಡದ್ದು, ಮಾಡಿದ ಲೆಕ್ಕ, ತೆಗೆದುಕೊಂಡ ತೀರ್ಮಾನ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಬಿಸಿಲು ಎಷ್ಟು, ಬೇಳೆ ಎಷ್ಟು

ಮೊದಲು ಹೊಲಕ್ಕೆ ಬರುವ ಶಕ್ತಿಯ ಲೆಕ್ಕ. ಮಕ್ಕಳಿಗೆ ಜೂಲ್, ಕ್ಯಾಲೊರಿ ಎಂದರೆ ತಲೆಗೆ ಹೋಗುವುದಿಲ್ಲ. ಕರೆಂಟಿನ ಯೂನಿಟ್ ಗೊತ್ತು, ಅಲ್ವಾ? ಅದರಲ್ಲೇ ಹಾಕಿದೆವು.

ನಮ್ಮ ಕಡೆ ಒಂದು ಚದರ ಮೀಟರ್ ನೆಲಕ್ಕೆ ದಿನಕ್ಕೆ ಸರಾಸರಿ ಸುಮಾರು 5 ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ. ತೊಗರಿ ಹೊಲದಲ್ಲಿ ನಿಲ್ಲುವುದು ಅಂದಾಜು 170 ದಿನ. ಎಕರೆ ಎಂದರೆ 4,047 ಚದರ ಮೀಟರ್. ಗುಣಿಸಿದರೆ ಒಂದು ಎಕರೆಗೆ ಹಂಗಾಮಿನಲ್ಲಿ ಸುಮಾರು 34 ಲಕ್ಷ ಯೂನಿಟ್ ಬಿಸಿಲು.

ಎಕರೆಗೆ 4 ಕ್ವಿಂಟಲ್ ತೊಗರಿ ಬಂತು ಎಂದು ಹಿಡಿಯೋಣ. 100 ಗ್ರಾಂ ತೊಗರಿಯಲ್ಲಿ ಸುಮಾರು 343 ಕಿಲೋ ಕ್ಯಾಲೊರಿ ಇರುತ್ತದೆ. 4 ಕ್ವಿಂಟಲ್ ಎಂದರೆ 13.7 ಲಕ್ಷ ಕಿಲೋ ಕ್ಯಾಲೊರಿ. ಯೂನಿಟ್‌ಗೆ ಬದಲಾಯಿಸಿದರೆ ಬರೀ 1,600ರ ಹತ್ತಿರ. ಬಿದ್ದ ಬಿಸಿಲಿನ ಎರಡು ಸಾವಿರ ಪಾಲಿನಲ್ಲಿ ಒಂದು ಪಾಲು ಮಾತ್ರ ಕಾಳಿಗೆ ಬಂತು. ಮಕ್ಕಳು ನಂಬಲಿಲ್ಲ, ಮತ್ತೆ ಗುಣಿಸಿದರು. ಅಷ್ಟೇ ಬಂತು.

ಉಳಿದದ್ದು ಎಲ್ಲಿ ಹೋಯಿತು? ಬಿಸಿಲಿನ ಅರ್ಧಕ್ಕಿಂತ ಜಾಸ್ತಿ ಭಾಗ ಎಲೆ ಬಳಸಿಕೊಳ್ಳಲು ಬರುವಂಥದ್ದೇ ಅಲ್ಲ. ತೊಗರಿ ಮೊದಲ ಎರಡು ತಿಂಗಳು ತುಂಬ ನಿಧಾನ ಬೆಳೆಯುತ್ತದೆ. ಸಾಲುಗಳ ನಡುವಿನ ಬಿಸಿಲು ಬರಿ ನೆಲಕ್ಕೆ ಬೀಳುತ್ತದೆ. ಹಿರಿಯರು ನಡುವೆ ಹೆಸರು, ಉದ್ದು ಹಾಕುತ್ತಿದ್ದದ್ದು ಈ ಬಿಸಿಲನ್ನೂ ಹಿಡಿಯುವ ಉಪಾಯ. ಗಿಡ ಹಿಡಿದ ಶಕ್ತಿಯಲ್ಲೂ ಒಂದು ಪಾಲು ಅದರ ಉಸಿರಾಟಕ್ಕೇ ಹೋಗುತ್ತದೆ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳಿವೆ. ಅವುಗಳಿಗೂ ಗಿಡವೇ ಸಕ್ಕರೆ ಕೊಡಬೇಕು. ಆಮೇಲೆ ಕಡ್ಡಿ, ಬೇರು, ಉದುರುವ ಎಲೆ. ಕಾಳಿಗಿಂತ ಇವುಗಳ ತೂಕವೇ ಎಷ್ಟೋ ಪಟ್ಟು ಜಾಸ್ತಿ.

ಇಷ್ಟೆಲ್ಲ ಸೋಸಿ ಉಳಿದ ಎರಡು ಸಾವಿರದ ಒಂದು ಪಾಲು ಗಿಡದಲ್ಲೇ ಅತ್ಯಂತ ಗಟ್ಟಿ ಆಹಾರ. ನೂರು ಗ್ರಾಂನಲ್ಲಿ 22 ಗ್ರಾಂ ಪ್ರೋಟೀನ್. ಕಾಯಿಕೊರಕ ಬರುವುದೂ ಅದಕ್ಕೇ. ಚಿಕ್ಕದಿರುವಾಗ ಮೊಗ್ಗು, ಹೂವು ಕೆರೆಯುತ್ತದೆ. ದೊಡ್ಡದಾದ ಮೇಲೆ ತಲೆಯನ್ನು ಕಾಯಿಯೊಳಗೆ ತೂರಿಸಿ, ಮೈ ಹೊರಗೇ ಬಿಟ್ಟುಕೊಂಡು ಎಳೆ ಕಾಳು ತಿನ್ನುತ್ತದೆ. ಒಂದು ಕಾಯಿ ಪೂರ್ತಿ ಮುಗಿಸುವ ಮೊದಲೇ ಇನ್ನೊಂದಕ್ಕೆ ಹೋಗುತ್ತದೆ. ಅದು ಹಾಳು ಮಾಡುವುದು ತಿನ್ನುವುದಕ್ಕಿಂತ ಜಾಸ್ತಿ.

ಹುಳುವಿನ ಲೆಕ್ಕ ಬೇರೆ, ಹಕ್ಕಿಯ ಲೆಕ್ಕ ಬೇರೆ

ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಎಷ್ಟು ಶಕ್ತಿ ದಾಟುತ್ತದೆ ಎಂದು ಮೊದಲು ಗಟ್ಟಿಯಾಗಿ ಲೆಕ್ಕ ಹಾಕಿದವರು ಅಮೆರಿಕದ ರೇಮಂಡ್ ಲಿಂಡೆಮನ್. ಮಿನ್ನೆಸೋಟಾದ ಸೀಡರ್ ಬಾಗ್ ಎಂಬ ಸಣ್ಣ ಕೆರೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಅವರ ಪ್ರಬಂಧ ಅಚ್ಚಾಗಿದ್ದು 1942ರಲ್ಲಿ. ಅದು ಹೊರಬರುವ ಮೊದಲೇ, 26ನೇ ವಯಸ್ಸಿಗೆ ತೀರಿಕೊಂಡರು. ನಮ್ಮ ಪಾಠದ ಹತ್ತು ಶೇಕಡಾ ಅವರ ಕೆಲಸದಿಂದ ಬೆಳೆದದ್ದು.

ಆದರೆ ಹತ್ತು ಎನ್ನುವುದು ಸರಾಸರಿ. ನಮ್ಮ ಹೊಲದ ಪ್ರಶ್ನೆಗೆ ಉತ್ತರ ಆ ಸರಾಸರಿಯ ಒಳಗೆ ಅಡಗಿದೆ. ಪಾಠದಲ್ಲಿ ಇದು ಬರುವುದಿಲ್ಲ, ಬರಬೇಕಿತ್ತು.

ಹುಳು ತಣ್ಣನೆ ಮೈಯ ಜೀವಿ. ಮೈ ಬಿಸಿ ಇಟ್ಟುಕೊಳ್ಳಲು ಅದು ಆಹಾರ ಖರ್ಚು ಮಾಡುವುದಿಲ್ಲ. ಹಾರಾಟ ಇಲ್ಲ, ಓಡಾಟವೂ ಕಡಿಮೆ. ಅರಗಿಸಿಕೊಂಡ ಶಕ್ತಿಯಲ್ಲಿ ಸುಮಾರು 40 ಶೇಕಡಾ ಅದರ ಮೈಯಾಗಿ ಬೆಳೆಯುತ್ತದೆ. ಅರಗದೆ ಹಿಕ್ಕೆಯಾಗಿ ಹೋಗುವುದನ್ನು ಕಳೆದರೂ, ತಿಂದ ನೂರು ಪಾಲಿನಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಹುಳುವಾಗುತ್ತದೆ. ಹಾಗಾಗಿಯೇ ಎರಡು ಮೂರು ವಾರದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿ ಬೆರಳಿನ ಗೆಣ್ಣಿನಷ್ಟು ಆಗುತ್ತದೆ. ಆಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ, ಚಿಟ್ಟೆಯಾಗಿ ಏಳುತ್ತದೆ. ಒಂದು ಹೆಣ್ಣು ನೂರಾರು, ಕೆಲವೊಮ್ಮೆ ಸಾವಿರ ದಾಟಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಮೊಟ್ಟೆಗೆ ತಿಂಗಳು, ತಿಂಗಳೂವರೆ.

ಇನ್ನು ಕಾಜಾಣ. ನಮ್ಮ ಹೊಲಗಳಲ್ಲಿ ಎಮ್ಮೆ ಬೆನ್ನ ಮೇಲೆ, ತಂತಿ ಮೇಲೆ ಕೂತಿರುವ ಕವಲು ಬಾಲದ ಕರಿ ಹಕ್ಕಿ. ತೂಕ 50 ಗ್ರಾಂ ಆಸುಪಾಸು. ಅದರ ಮೈ ನಮಗಿಂತ ಬಿಸಿ. ಹಗಲೆಲ್ಲ ಹಾರಬೇಕು, ರಾತ್ರಿ ನವೆಂಬರ್ ಚಳಿ ತಡೆಯಬೇಕು. ಹಕ್ಕಿಗಳು ಅರಗಿಸಿಕೊಂಡ ಶಕ್ತಿಯಲ್ಲಿ ಬೆಳವಣಿಗೆಗೆ, ಮರಿಗಳಿಗೆ ಹೋಗುವುದು 1ರಿಂದ 2 ಶೇಕಡಾ ಮಾತ್ರ. ಬಾಕಿ ಎಲ್ಲ ಶಾಖವಾಗಿ ಗಾಳಿಗೆ. ಇಷ್ಟು ತೂಕದ ಹಕ್ಕಿಗೆ ದಿನಕ್ಕೆ ಅಂದಾಜು 36 ಕಿಲೋ ಕ್ಯಾಲೊರಿ ಬೇಕು. ಕೆ.ಜಿ.ಗೆ ಇಷ್ಟು ಎಂದು ನೋಡಿದರೆ ನಮಗೆ ಬೇಕಾದ್ದಕ್ಕಿಂತ 20 ಪಟ್ಟಿಗೂ ಜಾಸ್ತಿ.

ಈ ದುಂದುಗಾರಿಕೆಯೇ ರೈತನ ಲಾಭ. ಹಕ್ಕಿ ಮಿತವ್ಯಯಿ ಆಗಿದ್ದರೆ ನಾಲ್ಕು ಹುಳು ತಿಂದು ಸುಮ್ನೆ ಕೂರುತ್ತಿತ್ತು. ಪೂರ್ತಿ ಬೆಳೆದ ಕಾಯಿಕೊರಕ ಅರ್ಧ ಗ್ರಾಂನ ಒಳಗೆ ತೂಗುತ್ತದೆ, ಅದರಲ್ಲಿ ಬಹುಪಾಲು ನೀರು. ಅದರಿಂದ ಹಕ್ಕಿಗೆ ದಕ್ಕುವ ಶಕ್ತಿ ಕಿಲೋ ಕ್ಯಾಲೊರಿಯ ಮೂರನೇ ಒಂದು ಭಾಗದಷ್ಟು. ಬೇರೆ ಏನೂ ತಿನ್ನದೆ ಹುಳುವನ್ನೇ ತಿಂದರೆ ಒಂದು ಕಾಜಾಣಕ್ಕೆ ದಿನಕ್ಕೆ ನೂರರ ಹತ್ತಿರ ದೊಡ್ಡ ಹುಳು ಬೇಕು. ಚಿಕ್ಕ ಹುಳುಗಳಾದರೆ ಇನ್ನೂ ಜಾಸ್ತಿ.

ಹೊಲದಲ್ಲಿ ಕಂಡದ್ದು

ಪಕ್ಕದ ಹೊಲದ ಅಂಚಿಗೆ ಎರಡು ಬೇವಿನ ಮರ, ಒಂದಿಷ್ಟು ಜಾಲಿ. ಹೊಲದ ಸುತ್ತ ಎರಡು ಸಾಲು ಜೋಳ. ಕಾಜಾಣ, ಗೊರವಂಕ ಕಂಡವು. ಒಂದು ನೀಲಕಂಠವೂ ಇತ್ತು, ನಮ್ಮ ರಾಜ್ಯ ಪಕ್ಷಿ. ಗಿಡಗಳ ನಡುವೆ ಜೇಡರ ಬಲೆ, ಗುಲಗಂಜಿ ಹುಳು, ಸಣ್ಣ ಕಣಜಗಳು. ಈ ಕಣಜಗಳಲ್ಲಿ ಕೆಲವು ಕಾಯಿಕೊರಕದ ಮರಿಯ ಮೈಯೊಳಗೇ ಮೊಟ್ಟೆ ಇಡುತ್ತವೆ. ಒಳಗಿನಿಂದ ತಿನ್ನುತ್ತ ಬೆಳೆಯುತ್ತವೆ.

ಕಾಕಾನ ಹೊಲದಲ್ಲಿ ಹುಳು ಬಿಟ್ಟರೆ ಬೇರೆ ಜೀವ ಅಪರೂಪ. ಬಲೆಗಳಿಲ್ಲ. ಗುಲಗಂಜಿ ಹುಳು ಒಂದೂ ಸಿಗಲಿಲ್ಲ. ಮೂರೆಕರೆಯ ನಡುವೆ ಹಕ್ಕಿ ಕೂರಲು ಒಂದು ಕಡ್ಡಿಯೂ ಇಲ್ಲ. ಕಾಜಾಣ ಎತ್ತರದಲ್ಲಿ ಕೂತು, ನೋಡಿ, ಹಾರಿ ಹಿಡಿದು ಮತ್ತೆ ಅಲ್ಲಿಗೇ ಬರುವ ಹಕ್ಕಿ. ಕೂರಲು ಜಾಗ ಇಲ್ಲದ ಕಡೆ ಹಾರಾಟದ ಖರ್ಚೇ ಸಿಗುವ ಊಟಕ್ಕಿಂತ ಜಾಸ್ತಿ ಆಗುತ್ತದೆ. ಅದು ಅಲ್ಲಿಗೆ ಬರುವುದಿಲ್ಲ.

ಆದರೆ ಹೂವಿಗೆ ಮೊದಲು ಹೊಡೆದ ಎಣ್ಣೆ ಹುಳುವನ್ನೇಕೆ ಮುಗಿಸಲಿಲ್ಲ? ಆಗ ಮುಗಿಸಲು ಹುಳುವೇ ಇರಲಿಲ್ಲ. ಸತ್ತದ್ದು ಅಲ್ಲಿದ್ದ ಜೇಡ, ಕಣಜ, ಗುಲಗಂಜಿ ಹುಳುಗಳು. ಆಮೇಲೆ ಬಂದ ಚಿಟ್ಟೆಗಳಿಗೆ ಕಾವಲೇ ಇಲ್ಲದ ಹೊಲ ಸಿಕ್ಕಿತು. ಎರಡನೆಯ, ಮೂರನೆಯ ಸಲ ಹೊಡೆದಾಗ ಒಂದಷ್ಟು ಹುಳು ಸತ್ತಿರಬೇಕು. ಆದರೆ ಕಾಯಿಯೊಳಗೆ ತಲೆ ಹಾಕಿದ ದೊಡ್ಡ ಹುಳು ಸುಲಭಕ್ಕೆ ಸಾಯುವುದಿಲ್ಲ. ಈ ಜಾತಿ ಹಲವು ಕೀಟನಾಶಕಗಳಿಗೆ ಜಗ್ಗದಷ್ಟು ಗಟ್ಟಿಯಾಗಿದೆ ಎನ್ನುವುದೂ ದಶಕಗಳಿಂದ ಗೊತ್ತಿರುವ ವಿಷಯ.

ಇಂಥದ್ದು ಮೊದಲೂ ಆಗಿದೆ. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಿಗೆ ಬಿಳಿ ಶಲ್ಕಕೀಟ ಬಿದ್ದಾಗ 1888ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಜಾತಿಯ ಗುಲಗಂಜಿ ಹುಳು ತರಿಸಿ ಬಿಟ್ಟರು. ಕೀಟ ಹತೋಟಿಗೆ ಬಂತು. 1940ರ ದಶಕದಲ್ಲಿ ಡಿಡಿಟಿ ಹೊಡೆದರು. ಗುಲಗಂಜಿ ಹುಳು ಸತ್ತಿತು, ಶಲ್ಕಕೀಟ ಮತ್ತೆ ಎದ್ದಿತು. ಇಟಲಿಯ ಗಣಿತಜ್ಞ ವೀಟೋ ವೋಲ್ಟೆರಾ 1926ರಲ್ಲೇ ಇದನ್ನು ಲೆಕ್ಕದಲ್ಲಿ ತೋರಿಸಿದ್ದರು. ಮೊದಲ ಮಹಾಯುದ್ಧದ ಕಾಲಕ್ಕೆ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನು ಹಿಡಿಯುವುದು ಕಡಿಮೆಯಾಯಿತು. ಆಗ ಬೇಟೆಗಾರ ಮೀನುಗಳ ಪಾಲು ಏರಿತ್ತು. ಯಾಕೆ ಎಂದು ಹುಡುಕುತ್ತ ಅವರು ಕಂಡುಕೊಂಡದ್ದು: ತಿನ್ನುವವನನ್ನೂ ತಿನ್ನಿಸಿಕೊಳ್ಳುವವನನ್ನೂ ಒಂದೇ ಸಮ ಕೊಂದರೆ, ಕೊನೆಗೆ ಗೆಲ್ಲುವುದು ತಿನ್ನಿಸಿಕೊಳ್ಳುವವನೇ. ಮೇಲಿನ ಮೆಟ್ಟಿಲಿನ ಜೀವಿಗಳು ಮೊದಲೇ ಕಡಿಮೆ. ಅವುಗಳ ಊಟವೂ ಕೆಳಗಿನ ಮೆಟ್ಟಿಲಿನಿಂದಲೇ ಬರಬೇಕು. ಹಾಗಾಗಿ ಅವು ಚೇತರಿಸಿಕೊಳ್ಳುವುದು ತಡ.

ಒಂದು ಮಾತು ಹೇಳಲೇಬೇಕು. ಎರಡು ಹೊಲ ನೋಡಿ ಎಣ್ಣೆಯೇ ಕಾರಣ ಎಂದು ತೀರ್ಪು ಕೊಡಲು ಬರುವುದಿಲ್ಲ. ಪಕ್ಕದ ಹೊಲಕ್ಕೆ ಮರ ಇತ್ತು, ಜೋಳ ಇತ್ತು, ಕಾಕಾನದಕ್ಕೆ ಎರಡೂ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಎರಡು ಕಾರಣಗಳೂ ಕೂಡಿಯೇ ಕೆಲಸ ಮಾಡಿವೆ.

ಹಕ್ಕಿಯನ್ನು ಎಷ್ಟು ನಂಬಬಹುದು

"ಹಂಗಾದ್ರ ಈಗ ಹಕ್ಕಿ ಕರದ್ರ ಆತಲ್ರಿ?" ಎಂದರು ಕಾಕಾ. ಮಕ್ಕಳೂ ಅದನ್ನೇ ಅಂದುಕೊಂಡಿದ್ದರು. ನೆಲದ ಮೇಲೆ ಕೂತು ಲೆಕ್ಕ ಹಾಕಿದೆವು.

ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ. ಎಕರೆಗೆ 14,500 ಗಿಡ. ಐದು ಕಾಜಾಣ ಒಂದು ಎಕರೆಯಲ್ಲಿ ಹದಿನೈದು ದಿನ ಬರೀ ಹುಳು ತಿಂದವು ಎಂದು ಹಿಡಿದರೆ, ದಿನಕ್ಕೆ ನೂರರಂತೆ 7,500 ಹುಳು. ಐದು ಗಿಡಕ್ಕೊಂದು ಹುಳು ಇದ್ದರೆ ಎಕರೆಯಲ್ಲಿ ಇರುವುದೇ 2,900. ಹಕ್ಕಿಗಳೇ ಮುಗಿಸಿಬಿಡುತ್ತವೆ. ಗಿಡಕ್ಕೊಂದು ಹುಳು ಇದ್ದರೆ ಅರ್ಧ ತಿನ್ನುತ್ತವೆ. ಗಿಡಕ್ಕೆ ಐದು ಹುಳು ಇದ್ದರೆ ಒಟ್ಟು 72,500. ಅದರಲ್ಲಿ ಹತ್ತನೇ ಒಂದು ಭಾಗ ತಿಂದರೆ ಯಾರ ಬೆಳೆ ಉಳಿಯುತ್ತದೆ?

ಇದೂ ಹಕ್ಕಿಯ ಪರವಾಗಿ ಧಾರಾಳವಾಗಿ ಹಾಕಿದ ಲೆಕ್ಕ. ಕಾಜಾಣ ಮಿಡತೆ, ಗೆದ್ದಲು, ಜೇನುಹುಳ ಎಲ್ಲ ತಿನ್ನುತ್ತದೆ. ಎಲೆ ನಡುವಿನ ಹುಳು ಅದರ ಕಣ್ಣಿಗೆ ಬೀಳುವುದೂ ಇಲ್ಲ. ಹುಳು ಜಾಸ್ತಿ ಆಯಿತೆಂದು ಹಕ್ಕಿ ಅದೇ ವಾರ ಜಾಸ್ತಿ ಆಗಲು ಬರುವುದಿಲ್ಲ. ಕಾಜಾಣ ಗೂಡು ಕಟ್ಟುವುದು ಬೇಸಿಗೆಯಿಂದ ಮಳೆಗಾಲದ ನಡುವೆ, ಮೂರು ನಾಲ್ಕು ಮೊಟ್ಟೆ. ಅದರ ಶಕ್ತಿಯಲ್ಲಿ ಮರಿಗಳಿಗೆ ಉಳಿಯುವುದೇ ಒಂದೆರಡು ಶೇಕಡಾ ಎಂದಾಗ ಇನ್ನೆಷ್ಟು ಬೆಳೆಸೀತು? ಇಪ್ಪತ್ತು ಶೇಕಡಾದ ಹುಳು ಒಂದು ತಿಂಗಳಲ್ಲಿ ನೂರು ಪಟ್ಟಾದರೂ ಹಕ್ಕಿಯ ಸಂಖ್ಯೆ ಇದ್ದಷ್ಟೇ ಇರುತ್ತದೆ. ಹಕ್ಕಿ ಹುಳುವನ್ನು ಕಡಿಮೆ ಇರುವಾಗ ಕಡಿಮೆಯೇ ಇಡಬಲ್ಲದು. ಎದ್ದ ಹುಳುವನ್ನು ಇಳಿಸಲಾರದು.

ಕೃಷಿ ಇಲಾಖೆಯ ಸಲಹೆಯೂ ಇದಕ್ಕೆ ಹೊಂದುತ್ತದೆ. ಗಿಡಕ್ಕೆ ಎರಡು ಮೊಟ್ಟೆ ಅಥವಾ ಒಂದು ಹುಳು ಕಂಡಾಗಲೇ ಕ್ರಮ ತೆಗೆದುಕೊಳ್ಳಿ ಎನ್ನುತ್ತಾರೆ. ಹಕ್ಕಿ ಕೂರುವ ಕವಲು ಕಡ್ಡಿಗಳನ್ನು ಎಕರೆಗೆ 20ರಂತೆ ಮೊದಲೇ ನೆಡಿ ಎನ್ನುತ್ತಾರೆ. ಕಾಕಾನ ಹೊಲ ಆ ಗೆರೆ ದಾಟಿತ್ತು.

ಮಾಡಿದ್ದು

ದಾರಿ ತೋರಿಸಿದವರು ಕಾಕಿ. "ನಮ್ಮ ತವರುಮನ್ಯಾಗ ಗಿಡ ಅಳ್ಳಾಡಿಸಿ ಕೀಡಿ ಕೆಡವ್ತಿದ್ರು. ಕೋಳಿಗಿ ಹಾಕ್ತಿದ್ರು. ಈಗ ಎಲ್ಲಾರೂ ಎಣ್ಣಿ ಎಣ್ಣಿ ಅಂತೀರಿ," ಎಂದರು. ಇದು ನಮ್ಮ ತೊಗರಿ ಸೀಮೆಯ ಹಳೆಯ ಪದ್ಧತಿ. ಸಾಲುಗಳ ನಡುವೆ ತಾಡಪತ್ರಿ ಹಿಡಿದು ಎಳೆಯುತ್ತ ಹೋಗುವುದು, ಗಿಡ ಬಗ್ಗಿಸಿ ಮೆಲ್ಲಗೆ ಅಲ್ಲಾಡಿಸುವುದು. ದೊಡ್ಡ ಹುಳು ಪಟಪಟ ಬೀಳುತ್ತವೆ. ಎಣ್ಣೆಗೆ ಸುಲಭಕ್ಕೆ ಸಾಯದವು ಇವೇ.

ಅಳ್ಳಾಡಿಸಲು ಮನೆಯವರು, ಪಕ್ಕದವರು, ರಜಾ ದಿನ ನಮ್ಮ ಮಕ್ಕಳಲ್ಲಿ ಕೆಲವರು ಸೇರಿದರು. ಬುಟ್ಟಿ ತುಂಬಿ ತುಂಬಿ ಹುಳು ಕೋಳಿಗಳಿಗೆ ಹೋಯಿತು. ಇದರಲ್ಲೂ ಪಾಠ ಇತ್ತು. ತೊಗರಿ ಕಾಳಿನ ನೂರು ಪಾಲು ಹುಳುವಿನಲ್ಲಿ ಇಪ್ಪತ್ತಾಯಿತು. ಕೋಳಿ ಅದರಲ್ಲಿ ಬಹುಪಾಲನ್ನು ಮೈ ಬಿಸಿಗೆ ಸುಟ್ಟು ಮೊಟ್ಟೆಗೆ ಕೊಟ್ಟದ್ದು ಒಂದೆರಡು ಪಾಲಿರಬಹುದು. ಕಾಳನ್ನೇ ನಾವು ತಿಂದಿದ್ದರೆ ಎಷ್ಟು ಜನರ ಊಟ ಆಗುತ್ತಿತ್ತು ಎಂದು ಒಬ್ಬ ಹುಡುಗಿ ಕೇಳಿದಳು. ದಿನಕ್ಕೆ 2,000 ಕಿಲೋ ಕ್ಯಾಲೊರಿ ಎಂದರೆ ಎಕರೆಯ 4 ಕ್ವಿಂಟಲ್ ತೊಗರಿಯಲ್ಲಿ ಒಬ್ಬರಿಗೆ ಸುಮಾರು ಎರಡು ವರ್ಷದ ಶಕ್ತಿ ಇದೆ. ಲೆಕ್ಕ ಅವಳೇ ಮಾಡಿದಳು.

ದೊಡ್ಡ ಹುಳು ತೆಗೆದ ಮೇಲೆ ಚಿಕ್ಕವು ಉಳಿದವು. ಅವಕ್ಕೆ ಎನ್‌ಪಿವಿ ಹೊಡೆಯಲು ಹೇಳಿದ್ದು ನನ್ನ ಪರಿಚಯದ ಒಬ್ಬ ಕೃಷಿ ಪದವೀಧರರು. ಇದು ಕಾಯಿಕೊರಕಕ್ಕೆ ಮಾತ್ರ ರೋಗ ತರುವ ವೈರಸ್. ಜೇಡಕ್ಕೆ, ಕಣಜಕ್ಕೆ, ಹಕ್ಕಿಗೆ, ನಮಗೆ ಏನೂ ಮಾಡುವುದಿಲ್ಲ. ಎಕರೆಗೆ 100 ಎಲ್.ಇ. ಪ್ರಮಾಣ. ಒಂದು ಎಲ್.ಇ. ಎಂದರೆ 600 ಕೋಟಿ ವೈರಸ್ ಹರಳುಗಳು. ಬಿಸಿಲಿಗೆ ಬೇಗ ಸಾಯುತ್ತದೆ, ಹಾಗಾಗಿ ಬೆಲ್ಲ ಕೂಡಿಸಿ ಸಂಜೆ ಹೊಡೆಯಬೇಕು. ರೋಗ ತಗುಲಿದ ಹುಳು ಗಿಡದ ತುದಿಗೆ ಏರಿ ತಲೆಕೆಳಗಾಗಿ ನೇತಾಡಿ ಸಾಯುತ್ತದೆ. ಆಮೇಲೆ ಮೈ ಕರಗಿ ಕೆಳಗಿನ ಎಲೆಗಳ ಮೇಲೆ ಸುರಿಯುತ್ತದೆ. ತೊಗರಿಯಿಂದ ಹುಳು ಕೂಡಿಟ್ಟ ಶಕ್ತಿಯನ್ನು ವೈರಸ್ ತನ್ನ ಸಂತಾನಕ್ಕೆ ಬಳಸಿಕೊಂಡಿತು. ಇದು ಹಕ್ಕಿಯ ಹಾಗಲ್ಲ, ಹುಳು ಜಾಸ್ತಿ ಇದ್ದಷ್ಟೂ ಬೇಗ ಹರಡುತ್ತದೆ. ಹಕ್ಕಿ ಸೋಲುವ ಜಾಗದಲ್ಲಿ ವೈರಸ್ ಗೆಲ್ಲುತ್ತದೆ. ಆದರೆ ಸಾಯಲು ಕೆಲವು ದಿನ ಹಿಡಿಯುತ್ತದೆ. ಕಾಕಾಗೆ ಆ ದಿನಗಳು ತುಂಬ ಕಷ್ಟವಾದವು. ದಿನಾ ಬಂದು "ಇನ್ನೂ ತಿನ್ನಾಕ ಹತ್ಯಾವಲ್ರಿ" ಎನ್ನುತ್ತಿದ್ದರು.

ಅದರ ಜೊತೆಗೇ ಜಾಲಿ ಕವಲುಗಳನ್ನು ನೆಟ್ಟೆವು. ನಾಲ್ಕನೆಯ ಸಲ ಎಣ್ಣೆ ಹೊಡೆಯಲಿಲ್ಲ.

ಫಲ

ಮೊದಲ ಕಾಯಿಗಳು ಹೋದದ್ದು ಹೋದವೇ. ತೊಗರಿಗೆ ಒಂದು ಗುಣ ಇದೆ, ನೆಲದಲ್ಲಿ ಹಸಿ ಇದ್ದರೆ ಮತ್ತೆ ಹೂವು ಬಿಡುತ್ತದೆ. ಎರೆ ಮಣ್ಣು ಹಸಿ ಹಿಡಿದಿತ್ತು, ಎರಡನೆಯ ಹೂವಿನ ಕಾಯಿ ಉಳಿದವು. ರಾಶಿ ಮಾಡಿದಾಗ ಪಕ್ಕದ ಹೊಲದಷ್ಟು ಬರಲಿಲ್ಲ. ಆದರೆ ಹಾಕಿದ ದುಡ್ಡು ಮುಳುಗಲಿಲ್ಲ. ಕಾಕಾ ಅಷ್ಟಕ್ಕೆ ಸಮಾಧಾನಪಟ್ಟರು. ನನಗೆ ಮಾತ್ರ ಹೂವಿಗೆ ಮೊದಲು ಹೊಡೆದ ಆ ಒಂದು ಸಲದ ಎಣ್ಣೆ ಇನ್ನೂ ಚುಚ್ಚುತ್ತದೆ. ಅಲ್ಲಿ ಹುಳು ಇದೆಯೋ ಇಲ್ಲವೋ ಎಂದು ಯಾರಾದರೂ ಗಿಡ ತಿರುವಿ ನೋಡಿದ್ದರೆ ಸಾಕಿತ್ತು.

ತೊಗರಿ ಮುಗಿದ ಮೇಲೆ ಇದೇ ಹುಳು ಕಡಲೆಗೆ ಹೋಗುತ್ತದೆ. ಎಳ್ಳ ಅಮಾವಾಸ್ಯೆಗೆ ನಾವು ಭಜ್ಜಿ, ಸಜ್ಜೆ ಕಡಬು ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಕಡಲೆ ಬೆಳೆಯುತ್ತಿರುತ್ತದೆ. ಚರಗದ ಅನ್ನಕ್ಕೆ ಹಕ್ಕಿ ಬಂದು ಹುಳುವನ್ನೂ ತಿನ್ನುತ್ತವೆ ಎಂದು ಹಿರಿಯರು ಹೇಳುತ್ತಾರೆ. ಹುಳು ಇನ್ನೂ ಕಡಿಮೆ ಇರುವ ಹೊತ್ತಿಗೆ ಹಕ್ಕಿಯನ್ನು ಹೊಲಕ್ಕೆ ರೂಢಿ ಮಾಡಿಸಿದರೆ ಅದು ಕೆಲಸಕ್ಕೆ ಬರುತ್ತದೆ ಎನ್ನುವುದನ್ನು ನಮ್ಮ ಲೆಕ್ಕವೂ ಒಪ್ಪುತ್ತದೆ.

ಈ ವರ್ಷಕ್ಕೆ ಕಾಕಾ ಮೂರು ವಿಷಯ ಒಪ್ಪಿದ್ದಾರೆ. ಬಿತ್ತುವಾಗಲೇ ಹೊಲದ ಸುತ್ತ ಎರಡು ಸಾಲು ಜೋಳ. ಹೂವಿಗೆ ಮೊದಲು ಕವಲು ಕಡ್ಡಿ. ಗಿಡಗಳನ್ನು ಎಣಿಸಿ ನೋಡದೆ ಎಣ್ಣೆ ಹೊಡೆಯುವುದಿಲ್ಲ. ಎಣಿಸುವ ಕೆಲಸ ಹತ್ತನೇ ತರಗತಿಯವರದು, ವಾರಕ್ಕೊಮ್ಮೆ. ತೊಗರಿ ಕಟ್ಟಿಗೆ ಒಲೆಗೆ ಬೇಕೇ ಬೇಕು ಎಂದು ಕಾಕಿ ಹಟ ಹಿಡಿದಿದ್ದಾರೆ. ಅದು ನ್ಯಾಯವೇ. ಉದುರಿದ ಎಲೆಯನ್ನು ಮಾತ್ರ ಸುಡದೆ ಹೊಲದಲ್ಲೇ ಬಿಡುತ್ತೇವೆ ಎಂದಿದ್ದಾರೆ.